ಮದ್ದು ಕುಡಿದವರಿಗೆ ಆಸ್ಪತ್ರೆಯಲ್ಲಿ ಏನು ಚಿಕಿತ್ಸೆ ನಡೆಯುತ್ತದೆ? ಸಂಶೋಧನೆ ಏನು ಹೇಳುತ್ತದೆ?

ಕೋಲಾರ ಜಿಲ್ಲೆಯಲ್ಲಿ ಹೊಲದ ಔಷಧಿ ಇಲ್ಲದ ರೈತನ ಮನೆ ಸಿಗುವುದು ಕಷ್ಟ. ಟೊಮೆಟೊಗೆ ಕಾಯಿಕೊರಕ, ಮಾವಿಗೆ ಜಿಗಿಹುಳು, ಕ್ಯಾಪ್ಸಿಕಂಗೆ ನುಸಿ. ಒಂದಲ್ಲ ಒಂದು ಬಾಟಲಿ ಮನೆಯಲ್ಲಿ ಇದ್ದೇ ಇರುತ್ತದೆ. ಪಕ್ಕದ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರ ಮನೆಯಲ್ಲೂ, ತುಮಕೂರು ಕಡೆಯ ಕಡಲೆಕಾಯಿ ಹೊಲದವರ ಮನೆಯಲ್ಲೂ ಇದೇ ಕಥೆ. ಹಾಗಾಗಿ ನಮ್ಮ ಭಾಗದಲ್ಲಿ ಸಂಕಟದ ಗಳಿಗೆಯಲ್ಲಿ ಯಾರಾದರೂ ತಮಗೆ ತಾವೇ ತೊಂದರೆ ಮಾಡಿಕೊಂಡರೆ, ಅದು ಎಷ್ಟೋ ಸಲ ವಿಷದ ಕೇಸಾಗಿ ಆಸ್ಪತ್ರೆಗೆ ಬರುತ್ತದೆ.

ಅಂಥ ದಿನ ಮನೆಯವರು ಎಮರ್ಜೆನ್ಸಿ ವಾರ್ಡಿನ ಹೊರಗೆ ನಿಂತಾಗ ಕಿವಿಗೆ ಬೀಳುವ ಮಾತುಗಳೆಲ್ಲ ಹೊಸವು. ಓಪಿ ಪಾಯಿಸನಿಂಗ್, ಅಟ್ರೊಪಿನ್, ಪ್ಯಾಮ್, ವೆಂಟಿಲೇಟರ್, ಎಂಎಲ್‌ಸಿ. ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಹೆದರಬೇಕು, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ ಬೇಡವಾ, ಏನೂ ತಿಳಿಯುವುದಿಲ್ಲ. ಆ ಗಾಬರಿಯಲ್ಲಿ ಕುಳಿತು ಓದುವ ವಿಷಯ ಇದಲ್ಲ. ಮೊದಲೇ ಓದಿ ಇಟ್ಟುಕೊಳ್ಳಬೇಕು.

ಅದಕ್ಕೂ ಮುಂಚೆ ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಬದುಕು ಬೇಡ ಅನ್ನಿಸುತ್ತಿದ್ದರೆ, ಮುಂದಕ್ಕೆ ಓದುವುದನ್ನು ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಎನ್ನದೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಈಗಾಗಲೇ ಏನಾದರೂ ನುಂಗಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರ ಯಾರಿದ್ದರೂ ಕೂಗಿ ಕರೆಯಿರಿ.

ಇವರು ಯಾರು?

ಆಸ್ಪತ್ರೆಗೆ ಬರುವ ಇಂಥ ರೋಗಿಗಳ ಬಗ್ಗೆ ಶ್ರೀಲಂಕಾ, ಭಾರತ, ಚೀನಾಗಳಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಒಂದು ಅಂಶ ಮತ್ತೆ ಮತ್ತೆ ಎದ್ದು ಕಾಣುತ್ತದೆ. ಇವರಲ್ಲಿ ತುಂಬಾ ಜನ ದಿನಗಟ್ಟಲೆ ಯೋಚಿಸಿ ಹೀಗೆ ಮಾಡಿದವರಲ್ಲ. ಅರ್ಧ ಗಂಟೆಯೂ ಯೋಚಿಸದೆ, ಸಿಟ್ಟಿನಲ್ಲೋ ಸಂಕಟದಲ್ಲೋ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡವರು ಬಹಳ. ಸಾಯಲೇಬೇಕು ಅನ್ನುವುದಕ್ಕಿಂತ ಆ ಗಳಿಗೆಯ ನೋವು ನಿಂತರೆ ಸಾಕು ಅನ್ನಿಸಿದವರು ಜಾಸ್ತಿ.

ಕಾರಣ ಒಂದೇ ಇರುವುದಿಲ್ಲ. ಊರವರು 'ಸಾಲಕ್ಕೆ', 'ಜಗಳಕ್ಕೆ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಅದರ ಹಿಂದೆ ಖಿನ್ನತೆ, ಕುಡಿತ, ಮನೆಯೊಳಗಿನ ಹಿಂಸೆ, ವಾಸಿಯಾಗದ ಕಾಯಿಲೆ, ಒಂಟಿತನ ಎಲ್ಲ ಕೂಡಿಕೊಂಡಿರಬಹುದು.

ಇನ್ನೊಂದು ಅಂಶ ಎಲ್ಲರಿಗೂ ಗೊತ್ತಿರಬೇಕು. ಒಮ್ಮೆ ಹೀಗೆ ಮಾಡಿಕೊಂಡು ಬದುಕುಳಿದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ನಡೆದಿವೆ. ಅವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಮುಂದೆ ಆತ್ಮಹತ್ಯೆಯಿಂದ ಸಾಯಲಿಲ್ಲ. 'ಇವತ್ತು ಉಳಿಸಿದರೆ ನಾಳೆ ಮತ್ತೆ ಮಾಡ್ಕೋತಾರೆ, ಏನು ಪ್ರಯೋಜನ' ಅನ್ನುವ ಮಾತು ವಾರ್ಡಿನಲ್ಲೂ ಊರಲ್ಲೂ ಕೇಳಿಬರುತ್ತದೆ. ಅದು ತಪ್ಪು. ಆ ರಾತ್ರಿ ದಾಟಿಸಿದರೆ ಬಹುಪಾಲು ಜನಕ್ಕೆ ಪೂರ್ತಿ ಬದುಕೇ ವಾಪಸ್ ಸಿಗುತ್ತದೆ.

ಆಸ್ಪತ್ರೆ ಸೇರುವ ತನಕ

ಹಳ್ಳಿಗಳಲ್ಲಿ ಮೊದಲು ನಡೆಯುವುದು ವಾಂತಿ ಮಾಡಿಸುವ ಪ್ರಯತ್ನ. ಉಪ್ಪುನೀರು, ಸೋಪಿನ ನೀರು, ಹುಣಸೆಹಣ್ಣಿನ ನೀರು, ಕೆಲವು ಕಡೆ ಸಗಣಿ ನೀರು. ಬೆರಳು ಹಾಕಿ ಕಕ್ಕಿಸುವುದೂ ಉಂಟು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅದರಿಂದ ಅಪಾಯ ಹೆಚ್ಚುತ್ತದೆ. ಹೊಲದ ಔಷಧಿಯಲ್ಲಿ ವಿಷದ ಜೊತೆಗೆ ಸೀಮೆಎಣ್ಣೆಯಂಥ ದ್ರಾವಕವೂ ಇರುತ್ತದೆ. ಅರೆಪ್ರಜ್ಞೆಯಲ್ಲಿರುವವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರಾಟವನ್ನೇ ಕೆಡಿಸುತ್ತದೆ. ಹೊಟ್ಟೆಯಲ್ಲಿದ್ದ ಸಮಸ್ಯೆ ಎದೆಗೂ ಹಬ್ಬುತ್ತದೆ.

ಬಾಯಿಗೆ ಏನೂ ಹಾಕಬೇಡಿ. ಹಾಲೂ ಬೇಡ, ಎಳನೀರೂ ಬೇಡ. ಎಡ ಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಗೆ ಹರಿಯುವಂತೆ ಮುಖ ಸ್ವಲ್ಪ ಕೆಳಗಿರಲಿ. ಬಟ್ಟೆಯ ಮೇಲೆ ಔಷಧಿ ಚೆಲ್ಲಿದ್ದರೆ ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ನಿಮ್ಮ ಕೈಗೆ ಪ್ಲಾಸ್ಟಿಕ್ ಕವರಾದರೂ ಸುತ್ತಿಕೊಳ್ಳಿ, ಯಾಕೆಂದರೆ ಈ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ.

ಬಾಟಲಿಯನ್ನು ಬಿಸಾಕಬೇಡಿ. ಗಟ್ಟಿಯಾಗಿ ಮುಚ್ಚಿ, ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಲೇಬಲ್ಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ. ಡಾಕ್ಟರಿಗೆ ಬೇಕಾದದ್ದು ಅದರ ಕೆಳಗೆ ಸಣ್ಣದಾಗಿ ಬರೆದ ರಾಸಾಯನಿಕದ ಹೆಸರು. ವಿಷಕ್ಕೆ ಯಾವ ಪ್ರತಿಮದ್ದು ಅನ್ನುವುದನ್ನೂ ಲೇಬಲ್ಲಿನಲ್ಲೋ ಜೊತೆಗಿರುವ ಚೀಟಿಯಲ್ಲೋ ಅಚ್ಚು ಹಾಕಿರುತ್ತಾರೆ. ಬಾಟಲಿ ಒಯ್ಯಲು ಆಗದಿದ್ದರೆ ಲೇಬಲ್ಲಿನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಎಷ್ಟು ಹೊತ್ತಿಗೆ ಕುಡಿದರು, ಎಷ್ಟು ಕುಡಿದಿರಬಹುದು, ಜೊತೆಗೆ ಸಾರಾಯಿಯೋ ಮಾತ್ರೆಯೋ ತೆಗೆದುಕೊಂಡಿದ್ದರಾ, ಇಷ್ಟನ್ನು ಮುಚ್ಚಿಡದೆ ಹೇಳಿ. ಮರ್ಯಾದೆಗೆ ಅಂಜಿ 'ಊಟ ಹೆಚ್ಚುಕಮ್ಮಿ ಆಯ್ತು ಸಾರ್' ಅಂದರೆ ಚಿಕಿತ್ಸೆ ದಾರಿ ತಪ್ಪುತ್ತದೆ, ಹೊತ್ತೂ ಹೋಗುತ್ತದೆ.

ಎಲ್ಲಿಗೆ ಒಯ್ಯಬೇಕು? ಮುಳಬಾಗಿಲಿನವರಾಗಲಿ ಶ್ರೀನಿವಾಸಪುರದವರಾಗಲಿ, ಕೈಯಲ್ಲಿ ಕಾರು ಇದ್ದರೆ 'ನೇರ ಬೆಂಗಳೂರಿಗೇ ಹೋಗೋಣ' ಅನ್ನುತ್ತಾರೆ. ಪಾವಗಡದಿಂದ ತುಮಕೂರಿಗೇ ಸುಮಾರು ನೂರು ಕಿಲೋಮೀಟರ್ ಆಗುತ್ತದೆ. ಅಷ್ಟು ದೂರ ಚಿಕಿತ್ಸೆಯಿಲ್ಲದೆ ಹೋಗುವುದು ದೊಡ್ಡ ಅಪಾಯ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಮ್ಲಜನಕ ಕೊಟ್ಟು, ಅಟ್ರೊಪಿನ್ ಶುರು ಮಾಡಿ, ಉಸಿರು ಒಂದು ಹದಕ್ಕೆ ಬಂದಮೇಲೆ ಬೇಕಾದರೆ ಆಂಬುಲೆನ್ಸಿನಲ್ಲಿ ಕೋಲಾರದ ಜಿಲ್ಲಾಸ್ಪತ್ರೆಗೋ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಬೆಂಗಳೂರಿಗೋ ಕಳಿಸುತ್ತಾರೆ. ಮೊದಲ ಇಂಜೆಕ್ಷನ್ ಎಲ್ಲಿ ಬೇಗ ಸಿಗುತ್ತದೋ ಅದೇ ಆ ಹೊತ್ತಿಗೆ ಒಳ್ಳೆಯ ಆಸ್ಪತ್ರೆ.

ನೋಡಲು ಆರಾಮಾಗಿದ್ದಾರೆ ಅಂತ ಮನೆಯಲ್ಲೇ ಉಳಿಸಿಕೊಳ್ಳುವುದೂ ತಪ್ಪು. ಕೆಲವು ಮಾತ್ರೆ, ಕೆಲವು ವಿಷಗಳು ಮೊದಲ ದಿನ ಏನೂ ತೋರಿಸದೆ ಆಮೇಲೆ ಲಿವರನ್ನೋ ಕಿಡ್ನಿಯನ್ನೋ ಹಿಡಿಯುತ್ತವೆ. ಏನೇ ನುಂಗಿದ್ದರೂ, ಎಷ್ಟೇ ಕಡಿಮೆ ಅನ್ನಿಸಿದರೂ, ಅದೇ ದಿನ ಡಾಕ್ಟರು ನೋಡಬೇಕು.

ದೇಹದೊಳಗೆ ಏನಾಗುತ್ತದೆ?

'ಓಪಿ' ಅಂದರೆ ಆರ್ಗನೋಫಾಸ್ಫೇಟ್. ಹುಳ ಕೊಲ್ಲಲು ಬಳಸುವ ರಾಸಾಯನಿಕಗಳ ಒಂದು ದೊಡ್ಡ ಗುಂಪು. ನಮ್ಮ ಆಸ್ಪತ್ರೆಗಳಿಗೆ ಬರುವ ಗಂಭೀರ ಕೇಸುಗಳಲ್ಲಿ ಇದರ ಪಾಲು ದೊಡ್ಡದು. ಜಗತ್ತಿನ ಸಂಶೋಧನೆಯೂ ಹೆಚ್ಚಾಗಿ ಇದರ ಮೇಲೇ ನಡೆದಿದೆ. ಹಾಗಾಗಿ ಇದನ್ನೇ ಹಿಡಿದು ನೋಡೋಣ.

ಟೊಮೆಟೊ ತೋಟದ ಡ್ರಿಪ್ ಲೈನನ್ನು ನೆನಪಿಸಿಕೊಳ್ಳಿ. ವಾಲ್ವ್ ತಿರುಗಿಸಿದರೆ ಸಾಲಿಗೆ ನೀರು ಹರಿಯುತ್ತದೆ. ಸಾಕಾದಾಗ ಯಾರೋ ಬಂದು ವಾಲ್ವ್ ಮುಚ್ಚುತ್ತಾರೆ. ನಮ್ಮ ನರಗಳೂ ಹೀಗೇ ಕೆಲಸ ಮಾಡುತ್ತವೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಸ ಹೊರಬಂದು 'ಜೊಲ್ಲು ಸುರಿಸು', 'ಸ್ನಾಯು ಬಿಗಿ ಮಾಡು' ಅಂತ ಸಂದೇಶ ಕೊಡುತ್ತದೆ. ಕೆಲಸ ಮುಗಿದ ಕೂಡಲೇ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಬಂದು ಆ ರಸವನ್ನು ಒಡೆದುಹಾಕುತ್ತದೆ. ವಾಲ್ವ್ ಮುಚ್ಚುವ ಕೈ ಅಂದರೆ ಈ ಕಿಣ್ವ. ಓಪಿ ವಿಷ ಮಾಡುವುದು ಒಂದೇ ಕೆಲಸ, ಆ ಕೈಯನ್ನು ಕಟ್ಟಿಹಾಕುತ್ತದೆ. ವಾಲ್ವ್ ತೆರೆದೇ ಉಳಿಯುತ್ತದೆ, ಸಾಲುಗಳೆಲ್ಲ ನೀರಲ್ಲಿ ಮುಳುಗುತ್ತವೆ.

ಅದಕ್ಕೇ ರೋಗಿಯ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬಾ ಬೆವರು. ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ. ಎದೆ ಬಡಿತ ನಿಧಾನವಾಗುತ್ತದೆ. ತೊಡೆ, ತೋಳಿನ ಚರ್ಮದಡಿ ಸ್ನಾಯುಗಳು ಪಟಪಟ ಅದುರುತ್ತವೆ. ಇದೆಲ್ಲಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಕಾಣುವುದಿಲ್ಲ. ಶ್ವಾಸನಾಳದೊಳಗೂ ನೀರು ತುಂಬಿಕೊಳ್ಳುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಡಾಕ್ಟರ ಓಟ ಇರುವುದು ಇದರ ವಿರುದ್ಧ.

ಅಟ್ರೊಪಿನ್: ಐದೈದು ನಿಮಿಷದ ಲೆಕ್ಕ

ಅಟ್ರೊಪಿನ್ ಹಳೆಯ ಔಷಧಿ, ಅಗ್ಗದ ಔಷಧಿ. ಅದು ಕಟ್ಟಿದ ಕೈಯನ್ನು ಬಿಚ್ಚುವುದಿಲ್ಲ, ಗಿಡದ ಬುಡಕ್ಕೆ ನೀರು ಇಳಿಯದಂತೆ ಹೊದಿಕೆ ಹಾಕುತ್ತದೆ ಅಷ್ಟೆ. ರಸ ಹರಿಯುತ್ತಲೇ ಇದ್ದರೂ ಶ್ವಾಸನಾಳ ಒಣಗುತ್ತದೆ, ಹೃದಯ ಚುರುಕಾಗುತ್ತದೆ.

ಔಷಧಿ ಯಾವುದು ಅನ್ನುವುದು ಎಷ್ಟೋ ದಶಕಗಳಿಂದ ಗೊತ್ತಿತ್ತು. ಹೇಗೆ ಕೊಡಬೇಕು ಅನ್ನುವುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಒಂದೊಂದು ಪುಸ್ತಕ ಒಂದೊಂದು ಅಳತೆ ಹೇಳುತ್ತಿತ್ತು. ಶ್ರೀಲಂಕಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಎಡಿನ್‌ಬರಾ ವಿಶ್ವವಿದ್ಯಾಲಯದ ಮೈಕೆಲ್ ಎಡಲ್‌ಸ್ಟನ್ ಮತ್ತು ಅವರ ಸಂಗಡಿಗರು ಒಂದು ಸರಳ ಕ್ರಮ ಸೂಚಿಸಿದರು. ಒಂದು ಡೋಸ್ ಕೊಡಿ. ಐದು ನಿಮಿಷ ಬಿಟ್ಟು ನೋಡಿ. ಸುಧಾರಣೆ ಕಾಣದಿದ್ದರೆ ದುಪ್ಪಟ್ಟು ಕೊಡಿ. ಮತ್ತೆ ಐದು ನಿಮಿಷ, ಮತ್ತೆ ದುಪ್ಪಟ್ಟು. ಎದೆ ತಿಳಿಯಾದ ಮೇಲೆ ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪ ಮುಂದುವರಿಸಿ.

ಇದನ್ನು ಬಾಂಗ್ಲಾದೇಶದ ಚಿತ್ತಗಾಂಗ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ 156 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ 22.5 ಜನ ತೀರಿಕೊಂಡಿದ್ದರು. ಹೊಸ ಕ್ರಮದಲ್ಲಿ ಶೇ 8. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಅದೇ ಅಗ್ಗದ ಇಂಜೆಕ್ಷನ್, ಪಕ್ಕದಲ್ಲಿ ನಿಂತು ಐದೈದು ನಿಮಿಷಕ್ಕೆ ನೋಡುವ ಒಬ್ಬರು. ಜಿಲ್ಲಾಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸ ಇದು. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಡುವ ಸಂಶೋಧನೆ ಇದೇ.

ವಾರ್ಡಿನಲ್ಲಿ ನಿಂತು ನೋಡಿದರೆ ಇದು ಹೀಗೆ ಕಾಣುತ್ತದೆ. ಡಾಕ್ಟರು ಸ್ಟೆಥಾಸ್ಕೋಪ್ ಇಟ್ಟು ಎದೆಯಲ್ಲಿ ಬುಳುಬುಳು ಸದ್ದು ಇದೆಯಾ ಅಂತ ಕೇಳುತ್ತಾರೆ. ಟಾರ್ಚ್ ಬಿಟ್ಟು ಪಾಪೆ ನೋಡುತ್ತಾರೆ. ನಾಡಿ ಎಣಿಸುತ್ತಾರೆ, ಬಿಪಿ ನೋಡುತ್ತಾರೆ. ಆಮೇಲೆ ರೋಗಿಯ ಕಂಕುಳಿಗೆ ಕೈ ಹಾಕಿ ಬೆವರು ಇದೆಯಾ, ಒಣಗಿದೆಯಾ ಅಂತ ಮುಟ್ಟಿ ನೋಡುತ್ತಾರೆ. ಆ ಒಣಗಿದ ಕಂಕುಳು ಕೂಡ ಔಷಧಿ ಸಾಕಾಗಿದೆ ಅನ್ನುವುದಕ್ಕೆ ಒಂದು ಗುರುತು. ಎಲ್ಲವನ್ನೂ ಚಾರ್ಟಿನಲ್ಲಿ ಹೊತ್ತು ಹಾಕಿ ಬರೆಯುತ್ತಾರೆ.

ಈ ಹಂತದಲ್ಲಿ ಮನೆಯವರು ಬೆಚ್ಚಿಬೀಳುವ ಸಂದರ್ಭ ಒಂದಿದೆ. ರೋಗಿಯ ಮುಖ ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಇಲ್ಲದ್ದನ್ನು ಕಂಡ ಹಾಗೆ ಮಾತಾಡುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾರೆ, ಟ್ಯೂಬ್ ಕಿತ್ತುಕೊಳ್ಳುತ್ತಾರೆ. 'ತಲೆ ಕೆಟ್ಟುಹೋಯ್ತು' ಅಂತ ತಾಯಂದಿರು ಅಳಲು ಶುರು ಮಾಡುತ್ತಾರೆ. ಸಾಮಾನ್ಯವಾಗಿ ಇದು ಅಟ್ರೊಪಿನ್ ಸ್ವಲ್ಪ ಜಾಸ್ತಿಯಾದ ಲಕ್ಷಣ. ಡಾಕ್ಟರು ಡ್ರಿಪ್ ನಿಲ್ಲಿಸಿ, ಆಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡುತ್ತಾರೆ. ಗೊಂದಲ ತಾನಾಗಿ ಇಳಿಯುತ್ತದೆ. ನೀವು ಕಂಡದ್ದನ್ನು ನರ್ಸಿಗೆ ಹೇಳಿ. ಹೆದರಿ ಡಿಸ್ಚಾರ್ಜ್ ಕೇಳಬೇಡಿ.

ಮೂರನೇ ದಿನದ ಕುತ್ತಿಗೆ

ಮಾರನೆ ದಿನ ರೋಗಿ ಎದ್ದು ಕುಳಿತು ಮಾತಾಡಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. 'ಹುಷಾರಾದರಲ್ವಾ, ಕರೆದುಕೊಂಡು ಹೋಗ್ತೀವಿ' ಅಂತ ಸಹಿ ಹಾಕಿ ಹೊರಡುವವರೂ ಇದ್ದಾರೆ. ಬಿಲ್ಲಿನ ಭಯ, ಊರಲ್ಲಿ ಕಟ್ಟಿಹಾಕಿದ ದನ, ಪೊಲೀಸರ ಅಂಜಿಕೆ ಎಲ್ಲವೂ ಅದರ ಹಿಂದೆ ಇರುತ್ತವೆ. ಆದರೆ ಡಾಕ್ಟರು ಬೇಡ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ.

1987ರಲ್ಲಿ ಶ್ರೀಲಂಕಾದ ಸೇನಾನಾಯಕ ಮತ್ತು ಕರಲ್ಲಿಯೆದ್ದೆ ಅನ್ನುವ ವೈದ್ಯರು ಒಂದು ವಿಚಿತ್ರವನ್ನು ದಾಖಲಿಸಿದರು. ಮೊದಲ ಅಪಾಯ ದಾಟಿದ ಕೆಲವು ರೋಗಿಗಳಿಗೆ 24ರಿಂದ 96 ಗಂಟೆಯ ನಡುವೆ, ಅಂದರೆ ಎರಡನೆಯಿಂದ ನಾಲ್ಕನೆಯ ದಿನದೊಳಗೆ, ಕುತ್ತಿಗೆ, ಭುಜ, ತೊಡೆಯ ಸ್ನಾಯುಗಳು ಸೋಲುತ್ತಿದ್ದವು. ಅದರ ಬೆನ್ನಿಗೇ ಉಸಿರಾಟದ ಸ್ನಾಯುಗಳು. ಇದಕ್ಕೆ ಮಧ್ಯಂತರ ಸಿಂಡ್ರೋಮ್ ಅಂತ ಹೆಸರಿಟ್ಟರು. ಅಟ್ರೊಪಿನ್ ಇಲ್ಲಿ ಕೆಲಸ ಮಾಡುವುದಿಲ್ಲ. ಬೇಕಾದದ್ದು ವೆಂಟಿಲೇಟರ್ ಮತ್ತು ಸಮಯ. ಉಸಿರಾಟಕ್ಕೆ ಯಂತ್ರದ ಆಸರೆ ಸಿಕ್ಕರೆ ಸ್ನಾಯುಗಳು ಕೆಲವು ದಿನ, ಕೆಲವರಿಗೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ವೆಂಟಿಲೇಟರ್ ಹಾಕಿದರು ಅಂದರೆ ಮುಗಿಯಿತು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಕಾಯಿಲೆಯಲ್ಲಿ ಅದು ಸೇತುವೆ ದಾಟಿಸುವ ಚಿಕಿತ್ಸೆ, ದಾಟಿ ಬಂದವರು ಬೇಕಾದಷ್ಟು ಜನ ಇದ್ದಾರೆ.

ಇದನ್ನು ಮೊದಲೇ ಹಿಡಿಯಲು ಹಾಸಿಗೆ ಪಕ್ಕದಲ್ಲೇ ಮಾಡುವ ಒಂದು ಪರೀಕ್ಷೆ ಇದೆ. 'ತಲೆದಿಂಬಿನಿಂದ ತಲೆ ಎತ್ತಿ, ಹಾಗೇ ಹಿಡಿದುಕೊಳ್ಳಿ' ಅನ್ನುತ್ತಾರೆ. ಎತ್ತಲು ಆಗದಿದ್ದರೆ ಅದು ಮೊದಲ ಎಚ್ಚರಿಕೆ. ರೌಂಡ್ಸಿನಲ್ಲಿ ದಿನಾ ಇದನ್ನೇ ಕೇಳುತ್ತಾರಲ್ಲ ಅಂತ ಬೇಸರ ಬೇಡ.

ಹೊಟ್ಟೆ ತೊಳೆಯುವುದು, ಇದ್ದಿಲು, ಪ್ಯಾಮ್

ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಎಲ್ಲರೂ ನಂಬಿದ್ದನ್ನೂ ಪರೀಕ್ಷೆ ಮಾಡಲೇಬೇಕು. ಅದಕ್ಕೆ ದಾರಿ ಹೀಗೆ. ಒಂದೇ ತರಹದ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರು ಆರಿಸುವ ಹಾಗಿಲ್ಲ, ಆಕಸ್ಮಿಕವಾಗಿ ನಿರ್ಧಾರವಾಗುತ್ತದೆ. ಯಾಕೆಂದರೆ ಡಾಕ್ಟರು ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಒಂದು ಗುಂಪಿಗೆ ಹೊಸದನ್ನು ಸೇರಿಸುತ್ತಾರೆ. ರೋಗಿಯೋ ಮನೆಯವರೋ ಒಪ್ಪಬೇಕು, ಆಸ್ಪತ್ರೆಯ ನೀತಿ ಸಮಿತಿಯೂ ಒಪ್ಪಿರಬೇಕು. ನಿಮ್ಮ ಮುಂದೆ ಇಂಥ ಒಪ್ಪಿಗೆ ಪತ್ರ ಬಂದರೆ ಓದಿಸಿಕೊಳ್ಳಿ, ಪ್ರಶ್ನೆ ಕೇಳಿ. ಬೇಡ ಅನ್ನುವ ಹಕ್ಕೂ ನಿಮಗಿದೆ, ಬೇಡ ಅಂದರೆ ಮಾಮೂಲಿ ಚಿಕಿತ್ಸೆ ಕಡಿಮೆಯಾಗಬಾರದು.

ಇದ್ದಿಲಿನ ಪುಡಿ ಹೊಟ್ಟೆಯಲ್ಲಿರುವ ವಿಷವನ್ನು ಹೀರಿಕೊಳ್ಳುತ್ತದೆ ಅಂತ ಅದನ್ನು ಮತ್ತೆ ಮತ್ತೆ ಕುಡಿಸುವ ರೂಢಿ ಇತ್ತು. ಶ್ರೀಲಂಕಾದಲ್ಲಿ 4,632 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ, ಇದ್ದಿಲು ಕೊಟ್ಟವರಲ್ಲೂ ಕೊಡದವರಲ್ಲೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೂ ಕಡೆ ಸುಮಾರು ಶೇ 7ರ ಆಸುಪಾಸು. ಆ ಪರೀಕ್ಷೆಯಲ್ಲಿ ರೋಗಿಗಳು ಬಂದದ್ದು ವಿಷ ಕುಡಿದು ಕೆಲವು ಗಂಟೆಗಳ ನಂತರ. ಬೇಗ ಬಂದವರಿಗೆ ಈಗಲೂ ಕೊಡುವುದುಂಟು.

ಹೊಟ್ಟೆ ತೊಳೆಯುವುದೂ ಹಾಗೇ. ಮನೆಯವರು ಮೊದಲು ಕೇಳುವುದೇ 'ಹೊಟ್ಟೆ ತೊಳೆದ್ರಾ ಸಾರ್?' ಅಂತ. ಅದರಿಂದ ಜೀವ ಉಳಿಯುತ್ತದೆ ಅನ್ನುವುದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿಲ್ಲ. ಮೊದಲ ಒಂದು ಗಂಟೆಯೊಳಗೆ, ಶ್ವಾಸನಾಳ ಭದ್ರವಾಗಿದ್ದರೆ ಮಾತ್ರ ಅದರ ಬಗ್ಗೆ ಯೋಚಿಸುತ್ತಾರೆ. ಡಾಕ್ಟರು ತೊಳೆಯದೆ ಮೊದಲು ಅಟ್ರೊಪಿನ್ ಕಡೆ ಓಡಿದರೆ ಅದು ಅಸಡ್ಡೆಯಲ್ಲ.

ಪ್ಯಾಮ್ ಅಂದರೆ ಪ್ರಾಲಿಡಾಕ್ಸೈಮ್. ಕಟ್ಟಿದ ಕೈಯನ್ನು ಬಿಚ್ಚುವ ಔಷಧಿ ಇದು. ಹೊತ್ತಾದಷ್ಟೂ ಆ ಗಂಟು ಬಿಗಿಯಾಗಿ ಬಿಚ್ಚಲು ಬರದಂತಾಗುತ್ತದೆ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಅಧ್ಯಯನ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಅನುಕೂಲ ಅಂದಿತು. 2009ರಲ್ಲಿ ಶ್ರೀಲಂಕಾದ 235 ರೋಗಿಗಳ ಅಧ್ಯಯನ ಲಾಭ ಕಾಣಲಿಲ್ಲ ಅಂದಿತು. ಹಾಗಾಗಿ ಒಬ್ಬ ಡಾಕ್ಟರು ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ. ಇಬ್ಬರಲ್ಲಿ ಒಬ್ಬರು ಮೋಸ ಮಾಡುತ್ತಿದ್ದಾರೆ ಅಂತಲ್ಲ, ವಿಜ್ಞಾನದಲ್ಲೇ ಅದು ಇನ್ನೂ ಇತ್ಯರ್ಥವಾಗಿಲ್ಲ.

ಪೊಲೀಸ್ ಕೇಸು ಆಗುತ್ತದಾ?

ಈ ಭಯದಿಂದಲೇ ಎಷ್ಟೋ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ಸುಳ್ಳು ಹೇಳುತ್ತಾರೆ. ಕಾನೂನು ಈಗ ಹಾಗಿಲ್ಲ.

ಎಂಎಲ್‌ಸಿ ಅಂದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಒಂದು ದಾಖಲೆ, ಪೊಲೀಸರಿಗೆ ಒಂದು ಮಾಹಿತಿ. ವಿಷದ ಕೇಸಿನಲ್ಲಿ ಅದು ಮಾಮೂಲಿ, ಯಾಕೆಂದರೆ ಬೇರೆ ಯಾರಾದರೂ ಕುಡಿಸಿರಬಹುದಾ ಅನ್ನುವುದನ್ನೂ ನೋಡಬೇಕಲ್ಲ. ಎಂಎಲ್‌ಸಿ ಆದ ಮಾತ್ರಕ್ಕೆ ರೋಗಿ ಆರೋಪಿ ಆಗುವುದಿಲ್ಲ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 115ನೇ ಸೆಕ್ಷನ್, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ವಿಚಾರಣೆ ಶಿಕ್ಷೆ ಕೂಡದು ಅನ್ನುತ್ತದೆ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಅಂತಲೂ ಹೇಳುತ್ತದೆ. ಇದು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆತ್ಮಹತ್ಯೆಯ ಪ್ರಯತ್ನವನ್ನೇ ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕೆಲಸವನ್ನು ತಡೆಯಲು ಅಥವಾ ಅವರ ಮೇಲೆ ಒತ್ತಡ ಹೇರಲು ಮಾಡುವ ಆತ್ಮಹತ್ಯೆ ಪ್ರಯತ್ನಕ್ಕೆ ಮಾತ್ರ 226ನೇ ಸೆಕ್ಷನ್ ಬೇರೆ ಇದೆ.

'ಪೊಲೀಸರು ಬರಲಿ, ಆಮೇಲೆ ನೋಡ್ತೀವಿ' ಅಂತ ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಮೊದಲು ಜೀವ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಮನೆಯ ಬಾಟಲಿ, ದೇಶದ ಬಾಟಲಿ

ಒಂದು ಮನೆಯಲ್ಲಿ ಹೀಗಾದ ಮೇಲೆ ಮೊದಲು ಮಾಡಬೇಕಾದದ್ದು ಉಳಿದ ಔಷಧಿಯನ್ನೆಲ್ಲ ಮನೆಯಿಂದ ಹೊರಗೆ ಸಾಗಿಸುವುದು. ರೋಗಿ ಡಿಸ್ಚಾರ್ಜ್ ಆಗಿ ಬರುವುದಕ್ಕೆ ಮುಂಚೆಯೇ. ಮಾತ್ರೆಗಳನ್ನು ಇನ್ನೊಬ್ಬರು ಇಟ್ಟುಕೊಂಡು ದಿನದ ಲೆಕ್ಕಕ್ಕೆ ಕೊಡಬೇಕು. ಆ ದುಡುಕಿನ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ, ಗಳಿಗೆ ದಾಟಿಹೋಗುವ ಸಾಧ್ಯತೆ ಜಾಸ್ತಿ.

ಹಾಗಾದರೆ ಊರಿಗೆಲ್ಲ ಬೀಗದ ಪೆಟ್ಟಿಗೆ ಹಂಚಿದರೆ ಆಯಿತಲ್ಲ? ಶ್ರೀಲಂಕಾದಲ್ಲಿ ಇದನ್ನೂ ಮಾಡಿ ನೋಡಿದರು. 180 ಹಳ್ಳಿ, 53 ಸಾವಿರಕ್ಕೂ ಹೆಚ್ಚು ಮನೆಗಳ ದೊಡ್ಡ ಅಧ್ಯಯನ. ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ, ಉಳಿದವಕ್ಕೆ ಇಲ್ಲ. 2017ರಲ್ಲಿ ಬಂದ ಉತ್ತರ, ವ್ಯತ್ಯಾಸ ಕಾಣಲಿಲ್ಲ. ಕೀಲಿ ಮನೆಯವರ ಕೈಯಲ್ಲೇ ಇರುತ್ತದೆ, ಕಾಲ ಕಳೆದಂತೆ ಬೀಗ ಹಾಕುವುದೂ ತಪ್ಪುತ್ತದೆ. ಸಂಕಟದಲ್ಲಿರುವ ಒಂದು ಮನೆಯಿಂದ ಔಷಧಿ ಸಾಗಿಸುವುದು ಬೇರೆ, ಊರಿಗೆಲ್ಲ ಪೆಟ್ಟಿಗೆ ಹಂಚುವುದು ಬೇರೆ.

ಅದೇ ಶ್ರೀಲಂಕಾದಲ್ಲಿ ಕೆಲಸ ಮಾಡಿದ್ದು ಇನ್ನೊಂದು ಕ್ರಮ. ಮನುಷ್ಯರಿಗೆ ಅತಿ ಅಪಾಯಕಾರಿಯಾದ ಕೀಟನಾಶಕಗಳನ್ನು ಹಂತ ಹಂತವಾಗಿ ಮಾರಾಟದಿಂದಲೇ ತೆಗೆದುಹಾಕಿದರು. 1995ರ ಸುಮಾರಿಗೆ ಆ ದೇಶದ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಮುಂದಿನ ಎರಡು ದಶಕದಲ್ಲಿ ಅದು ಸುಮಾರು ಶೇ 70 ಇಳಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ. ಭಾರತವೂ 2018ರಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು.

ಡಿಸ್ಚಾರ್ಜ್ ಆದ ಮೇಲೆ

ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ ವಿಷಕ್ಕೆ. ವಿಷದ ಹಿಂದಿದ್ದ ನೋವು ರೋಗಿಯ ಜೊತೆಗೇ ಮನೆಗೆ ಬರುತ್ತದೆ. ಮೊದಲ ಕೆಲವು ವಾರ, ಕೆಲವು ತಿಂಗಳು ಎಚ್ಚರ ಬೇಕಾದ ಕಾಲ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿತು. ಬ್ರೆಜಿಲ್, ಶ್ರೀಲಂಕಾ, ಇರಾನ್, ಚೀನಾ, ಜೊತೆಗೆ ನಮ್ಮ ಪಕ್ಕದ ಚೆನ್ನೈ. ಆತ್ಮಹತ್ಯೆಗೆ ಪ್ರಯತ್ನಿಸಿ ಎಮರ್ಜೆನ್ಸಿಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಡಿಸ್ಚಾರ್ಜಿನ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ 9 ಸಲ ಫೋನ್ ಅಥವಾ ಭೇಟಿ. ಹೇಗಿದ್ದೀರಿ, ಏನಾದರೂ ಬೇಕಾ ಅಂತ ಕೇಳುವುದು, ಅಷ್ಟೇ. 2008ರಲ್ಲಿ ಫಲಿತಾಂಶ ಬಂತು. ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 2.2, ವಿಚಾರಿಸಿಕೊಂಡ ಗುಂಪಿನಲ್ಲಿ ಶೇ 0.2. ತರಬೇತಿ ಪಡೆದ ನರ್ಸ್ ಕೂಡ ಮಾಡಬಹುದಾದ ಕೆಲಸ ಇದು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದು ರೂಢಿಯಾಗಬೇಕು ಅನ್ನುವುದು ನನ್ನ ಆಸೆ.

ಹಾಗಾಗಿ ಡಿಸ್ಚಾರ್ಜಿಗೆ ಮುಂಚೆ ಮನೋವೈದ್ಯರು ಒಮ್ಮೆ ನೋಡಲಿ ಅಂತ ನೀವೇ ಕೇಳಿ. 'ನಮ್ಮ ಹುಡುಗ ಹುಚ್ಚನಾ?' ಅಂತ ಬೇಸರ ಪಡಬೇಡಿ. ಖಿನ್ನತೆ ಇದ್ದರೆ ಅದಕ್ಕೆ ಔಷಧಿ ಇದೆ, ಕುಡಿತ ಇದ್ದರೆ ಅದನ್ನು ಬಿಡಿಸಲು ಚಿಕಿತ್ಸೆ ಇದೆ. ಪದೇ ಪದೇ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲೂ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲ್ಲೂಕಿಗೆ ಯಾವ ದಿನ ಅನ್ನುವುದನ್ನು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಕೌಂಟರಿನಲ್ಲೋ ಕೇಳಿ ತಿಳಿದುಕೊಳ್ಳಿ.

ಮನೆಗೆ ಬಂದವರಿಗೆ ಬುದ್ಧಿ ಹೇಳಲು ನೆಂಟರು ಸಾಲುಗಟ್ಟಿ ಬರುತ್ತಾರೆ. 'ಹೆತ್ತವರ ಮುಖ ನೋಡಬಾರದಿತ್ತಾ' ಅನ್ನುವ ಮಾತು ಮೊದಲೇ ನೊಂದವರನ್ನು ಇನ್ನಷ್ಟು ಕುಗ್ಗಿಸುತ್ತದೆ. ಸುಮ್ನೆ ಪಕ್ಕದಲ್ಲಿ ಕುಳಿತುಕೊಳ್ಳಿ. 'ಮತ್ತೆ ಹಾಗೆ ಅನ್ನಿಸುತ್ತಾ?' ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯವನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ. ಕೇಳಿದರೆ ಮನಸ್ಸು ಹಗುರಾಗುವವರೇ ಹೆಚ್ಚು. 'ಹೌದು' ಅಂದರೆ ಒಬ್ಬರನ್ನೇ ಬಿಡಬೇಡಿ, ಅಲ್ಲಿಂದಲೇ 14416ಕ್ಕೆ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಮುಂದಿನ ಭೇಟಿಯ ದಿನ ಆಸ್ಪತ್ರೆಗೆ ಜೊತೆಗೆ ಹೋಗಿ, ಡಾಕ್ಟರ ಹತ್ತಿರ ಅವರು ಒಬ್ಬರೇ ಮಾತಾಡಲು ಬಿಟ್ಟು, ಹೊರಗೆ ಕಾದು ಕರೆದುಕೊಂಡು ಬನ್ನಿ.